ಪರೀಕ್ಷಾ ಸಿಂಧುತ್ವ ಮತ್ತು ಅಂಕ ಸಮೀಕರಣ

ಒಂದು ಪರೀಕ್ಷೆ ತಾನು ಅಳೆಯುತ್ತೇನೆಂದು ಹೇಳಿಕೊಂಡದ್ದನ್ನೇ ಅಳೆಯುತ್ತಿದೆಯೇ ಎಂದು ನೋಡುವುದು ಸಿಂಧುತ್ವ ಪರಿಶೀಲನೆ. ಬೇರೆ ಬೇರೆ ಪ್ರಶ್ನೆಪತ್ರಿಕೆಗಳಲ್ಲಿ ಬಂದ ಅಂಕಗಳನ್ನು ಹೋಲಿಸಲು ಬರುವಂತೆ ಒಂದೇ ಅಳತೆಗೆ ತರುವುದು ಸಮೀಕರಣ. ಎರಡೂ ಸಂಖ್ಯಾಶಾಸ್ತ್ರದ ಕೆಲಸಗಳು. ಫಲಿತಾಂಶದ ದಿನ ನಮ್ಮಲ್ಲಿ ಯಾರಿಗೂ ನೆನಪಾಗದ ಕೆಲಸಗಳೂ ಹೌದು.

2023ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಚಿತ್ರದುರ್ಗ ಜಿಲ್ಲೆ ಶೇ 96.80 ತೇರ್ಗಡೆಯೊಂದಿಗೆ ರಾಜ್ಯಕ್ಕೇ ಮೊದಲ ಸ್ಥಾನ ಪಡೆಯಿತು. ಚಳ್ಳಕೆರೆ, ಮೊಳಕಾಲ್ಮೂರಿನಂಥ ಬಯಲುಸೀಮೆಯ ತಾಲ್ಲೂಕುಗಳಿರುವ ಜಿಲ್ಲೆ ಕರಾವಳಿಯನ್ನು ಹಿಂದಿಕ್ಕಿದ್ದು ಸುದ್ದಿಯೇ ಆಯಿತು. ಮರುವರ್ಷ ಅದೇ ಜಿಲ್ಲೆ ಶೇ 72.85ಕ್ಕೆ ಇಳಿದು 21ನೇ ಸ್ಥಾನಕ್ಕೆ ಜಾರಿತು. ರಾಜ್ಯದ ಒಟ್ಟು ಪ್ರಮಾಣವೂ ಶೇ 83.89ರಿಂದ 73.40ಕ್ಕೆ ಕುಸಿದಿತ್ತು. ಅಂದರೆ ರಾಜ್ಯ ಹತ್ತೂವರೆ ಅಂಶ ಕೆಳಗಿಳಿದರೆ ಚಿತ್ರದುರ್ಗ ಹತ್ತಿರ ಹತ್ತಿರ 24 ಅಂಶ ಇಳಿಯಿತು. ಈ ಒಂದು ವರ್ಷದಲ್ಲಿ ಏನೇನು ಬದಲಾಗಿತ್ತು? ಪ್ರಶ್ನೆಪತ್ರಿಕೆ ಹೊಸದು, ಬರೆದ ಮಕ್ಕಳು ಬೇರೆ. ಪರೀಕ್ಷಾ ಕೊಠಡಿಗಳಿಗೆ ಸಿಸಿಟಿವಿ ಮತ್ತು ವೆಬ್‌ಕಾಸ್ಟಿಂಗ್ ಬಂದಿತ್ತು. ಜೊತೆಗೆ ಕೃಪಾಂಕದ ಮಿತಿಯನ್ನು ಶೇ 10ರಿಂದ 20ಕ್ಕೆ ಏರಿಸಿ, ಅದನ್ನು ಪಡೆಯಲು ಬೇಕಾದ ಅರ್ಹತಾ ಅಂಕವನ್ನು ಶೇ 35ರಿಂದ 25ಕ್ಕೆ ಇಳಿಸಲಾಗಿತ್ತು. ಮೊದಲ ಮೂರರ ಪಾಲು ಎಷ್ಟೆಷ್ಟು, ನಾಲ್ಕನೆಯದು ಎಷ್ಟನ್ನು ಮುಚ್ಚಿಹಾಕಿತು ಎಂಬುದನ್ನು ತೇರ್ಗಡೆ ಪ್ರಮಾಣ ಒಂದರಿಂದಲೇ ಬಿಡಿಸಿ ಹೇಳಲು ಯಾವ ಸಂಖ್ಯಾಶಾಸ್ತ್ರಜ್ಞನಿಂದಲೂ ಆಗದು. ನಕಲು ನಿಂತಿತು ಎಂದವರೂ, ಮೇಷ್ಟ್ರುಗಳು ಮೈಮರೆತರು ಎಂದವರೂ ಆ ಅಂಕಿಯನ್ನೇ ಸಾಕ್ಷಿಗೆ ಎಳೆದರು. ಅದು ಇಬ್ಬರ ಪರವಾಗಿಯೂ ಸಾಕ್ಷಿ ಹೇಳುವ ಸ್ಥಿತಿಯಲ್ಲಿರಲಿಲ್ಲ.

ಮೇಲ್ತುದಿಯ ಕಥೆಯೂ ಇದೇ. 625ಕ್ಕೆ 625 ತೆಗೆದವರು 2021ರಲ್ಲಿ 157, 2022ರಲ್ಲಿ 145, 2023ರಲ್ಲಿ 4, 2024ರಲ್ಲಿ ಒಬ್ಬರೇ, 2025ರಲ್ಲಿ 22. 2021ರ ಪರೀಕ್ಷೆ ಕೋವಿಡ್ ಕಾರಣದಿಂದ ಎರಡೇ ದಿನದಲ್ಲಿ ಮುಗಿದ ಬಹುಆಯ್ಕೆಯ ಓಎಂಆರ್ ಪರೀಕ್ಷೆ ಎಂಬುದನ್ನು ಬದಿಗಿಟ್ಟರೂ, ಉಳಿದ ವರ್ಷಗಳ ಏರಿಳಿತ ಮಕ್ಕಳ ಬುದ್ಧಿಯದೆಂದು ನಂಬುವುದು ಕಷ್ಟ. 625 ಎಂಬ ಸಂಖ್ಯೆ ವರ್ಷವರ್ಷಕ್ಕೂ ಬೇರೆ ಬೇರೆ ಎತ್ತರದಲ್ಲಿ ಕೂತಿತ್ತು ಎಂದು ತಿಳಿಯುವುದೇ ಸರಿ.

ಮೈಸೂರು, ಧಾರವಾಡ, ಹಡಗಲಿ

ಈ ಶಾಸ್ತ್ರದ ಮೊದಲ ಇಟ್ಟಿಗೆ ಇಟ್ಟವನು ಲಂಡನ್ನಿನ ಚಾರ್ಲ್ಸ್ ಸ್ಪಿಯರ್‌ಮನ್. ಸಿಕ್ಕ ಅಂಕದಲ್ಲಿ ನಿಜವಾದ ಸಾಮರ್ಥ್ಯದ ಜೊತೆಗೆ ದೋಷವೂ ಬೆರೆತಿರುತ್ತದೆ ಎಂಬ ವಿಚಾರಕ್ಕೆ 1904ರಲ್ಲಿ ಆತ ಗಣಿತದ ರೂಪ ಕೊಟ್ಟ. ಅವನ ಬಳಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ನಡೆಸಿ ಆಕಾಶವಾಣಿ ಎಂಬ ಹೆಸರನ್ನು ಚಾಲ್ತಿಗೆ ತಂದವರೂ ಇವರೇ.

ಧಾರವಾಡದಲ್ಲಿ ವಿ.ವಿ. ಕಾಮತರು ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿ 1934ರಲ್ಲಿ ಪ್ರಕಟಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂದು ಇಂದಿಗೂ ಬಳಕೆಯಲ್ಲಿರುವುದು ಅದರ ಪರಿಷ್ಕೃತ ರೂಪ. ಬಿನೆ ಮಾದರಿಯಲ್ಲಿ ಪ್ರತಿಯೊಂದು ಪ್ರಶ್ನೆಗೂ ಒಂದು ವಯಸ್ಸು ಗೊತ್ತಾಗಿರುತ್ತದೆ. ಆ ವಯಸ್ಸಿನ ಬಹುಪಾಲು ಮಕ್ಕಳು ಅದನ್ನು ಬಿಡಿಸಬೇಕು. ಪ್ಯಾರಿಸ್ಸಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಆರು ವರ್ಷಕ್ಕೆ ನಿಂತ ಪ್ರಶ್ನೆ ಧಾರವಾಡದಲ್ಲೂ ಆರಕ್ಕೇ ನಿಲ್ಲುತ್ತದೆ ಎಂಬ ಖಾತರಿಯಿಲ್ಲ. ಮಕ್ಕಳನ್ನು ಕೂರಿಸಿ ಕೇಳಿ, ಎಣಿಸಿಯೇ ಅದರ ಜಾಗ ಗೊತ್ತುಮಾಡಬೇಕು. ಭಾಷೆ ದಾಟಿದ ಪರೀಕ್ಷೆಯ ಕಷ್ಟವನ್ನು ಕರ್ನಾಟಕ ಹೀಗೆ ಬಹಳ ಬೇಗ ಕಂಡಿತ್ತು.

ಮೂರನೆಯ ಹೆಸರು ಸಿ.ಆರ್. ರಾವ್. ಅವರು 1920ರಲ್ಲಿ ಹುಟ್ಟಿದ್ದು ಹೂವಿನ ಹಡಗಲಿಯಲ್ಲಿ, ತೆಲುಗು ಮನೆಮಾತಿನ ಕುಟುಂಬದಲ್ಲಿ. ಹಲವು ಪ್ರಶ್ನೆಗಳ ಅಂಕಗಳ ಹಿಂದೆ ಅಡಗಿರುವ ಕೆಲವೇ ಸಾಮರ್ಥ್ಯಗಳನ್ನು ಹುಡುಕುವ ವಿಧಾನಕ್ಕೆ ಅಪವರ್ತನ ವಿಶ್ಲೇಷಣೆ ಎಂದು ಹೆಸರು. ಎಷ್ಟು ಸಾಮರ್ಥ್ಯಗಳನ್ನು ನಂಬಬಹುದು ಎಂಬುದನ್ನು ಪರೀಕ್ಷಿಸುವ ರಾವ್ ಅವರ ಪ್ರಬಂಧ 1955ರಲ್ಲಿ ಸೈಕೋಮೆಟ್ರಿಕ ಪತ್ರಿಕೆಯಲ್ಲಿ ಬಂತು. ಗಣಿತದ ಪತ್ರಿಕೆ ಗಣಿತವನ್ನಷ್ಟೇ ಅಳೆಯುತ್ತಿದೆಯೋ, ಒಳಗೊಳಗೇ ಓದುವ ವೇಗವನ್ನೂ ಅಳೆಯುತ್ತಿದೆಯೋ ಎಂದು ಕೇಳುವವರಿಗೆ ಅದು ಈಗಲೂ ಬೇಕಾದ ಉಪಕರಣ.

ವಿಶ್ವಸನೀಯತೆ

ಒಂದೇ ಮಗು ಅದೇ ಮಟ್ಟದ ಇನ್ನೊಂದು ಪತ್ರಿಕೆ ಬರೆದರೆ ಅಷ್ಟೇ ಅಂಕ ಬರುತ್ತದೆಯೇ? ಪತ್ರಿಕೆಯನ್ನು ಸಮ, ಬೆಸ ಪ್ರಶ್ನೆಗಳೆಂದು ಎರಡು ಭಾಗ ಮಾಡಿ, ಭಾಗಗಳ ನಡುವಿನ ಸಹಸಂಬಂಧದಿಂದ ಇಡೀ ಪತ್ರಿಕೆಯ ವಿಶ್ವಸನೀಯತೆ ಲೆಕ್ಕ ಹಾಕುವ ಸೂತ್ರವನ್ನು ಸ್ಪಿಯರ್‌ಮನ್ ಮತ್ತು ಬ್ರೌನ್ 1910ರಲ್ಲಿ ಬೇರೆ ಬೇರೆಯಾಗಿಯೇ ಕೊಟ್ಟರು. ಅರ್ಧಗಳ ಸಹಸಂಬಂಧ 0.6 ಇದ್ದರೆ ಇಡೀ ಪತ್ರಿಕೆಯದು 0.75. ಸರಿ–ತಪ್ಪು ಪ್ರಶ್ನೆಗಳಿಗೆ ಕೂಡರ್ ಮತ್ತು ರಿಚರ್ಡ್‌ಸನ್ 1937ರಲ್ಲಿ, ಎಲ್ಲ ಬಗೆಯ ಪ್ರಶ್ನೆಗಳಿಗೆ ಕ್ರೋನ್‌ಬಾಕ್ 1951ರಲ್ಲಿ ಸೂತ್ರ ಒದಗಿಸಿದರು. ಕ್ರೋನ್‌ಬಾಕನ ಆಲ್ಫಾ ಇಂದು ಎಂ.ಎಡ್. ಪ್ರಬಂಧಗಳಲ್ಲಿ ಕಡ್ಡಾಯ ಎಂಬಂತೆ ಕಾಣಿಸಿಕೊಳ್ಳುತ್ತದೆ. ಅದು 0.9 ಬಂದ ಕೂಡಲೇ ಪರೀಕ್ಷೆ ಸಿಂಧು ಎಂದು ಬರೆದುಬಿಡುವ ಚಾಳಿಯೂ ಇದೆ. ತಪ್ಪು ವಿಷಯವನ್ನು ಬಹಳ ಸ್ಥಿರವಾಗಿ ಅಳೆದರೂ ಆಲ್ಫಾ ಎತ್ತರದಲ್ಲೇ ಇರುತ್ತದೆ.

ಶಾಲೆಯ ಮಟ್ಟದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಮಾಪನದ ಮಾನಕ ದೋಷ. 80 ಅಂಕದ ಪತ್ರಿಕೆಯಲ್ಲಿ ಮಾನಕ ವಿಚಲನೆ 15, ವಿಶ್ವಸನೀಯತೆ 0.84 ಎಂದಿಟ್ಟುಕೊಂಡರೆ ದೋಷ 6 ಅಂಕ. ಆಗ ತೇರ್ಗಡೆ ಗೆರೆಯ ಎರಡಂಕ ಕೆಳಗೆ ನಿಂತ ಹುಡುಗಿಗೂ ಎರಡಂಕ ಮೇಲೆ ನಿಂತ ಹುಡುಗನಿಗೂ ಕಲಿಕೆಯಲ್ಲಿ ವ್ಯತ್ಯಾಸವಿದೆ ಎಂದು ಆ ಪತ್ರಿಕೆ ಹೇಳಲಾರದು. ತಾಲ್ಲೂಕಿಗೆ ಮೊದಲಿಗರು ಯಾರು ಎಂಬ ಅರ್ಧ ಅಂಕದ ಜಗಳ ಇನ್ನೂ ಟೊಳ್ಳು.

ಸಿಂಧುತ್ವ ಪರಿಶೀಲನೆ

ಮೇಷ್ಟ್ರುಗಳು ನೀಲನಕ್ಷೆ ಎನ್ನುವ ಕೋಷ್ಟಕ ಈ ಪರಿಶೀಲನೆಯ ಮೊದಲ ಮೆಟ್ಟಿಲು. ಯಾವ ಪಾಠಕ್ಕೆ ಎಷ್ಟು ಅಂಕ, ಜ್ಞಾಪಕಕ್ಕೆಷ್ಟು, ಅನ್ವಯಕ್ಕೆಷ್ಟು ಎಂದು ಮೊದಲೇ ಗೊತ್ತುಮಾಡುವ ಈ ಪದ್ಧತಿ ಬೆಂಜಮಿನ್ ಬ್ಲೂಮ್ 1957–58ರಲ್ಲಿ ಭಾರತಕ್ಕೆ ಬಂದು ಹೋದ ಮೇಲೆ ನಮ್ಮ ಪರೀಕ್ಷಾ ಸುಧಾರಣೆಯೊಳಗೆ ಬೇರೂರಿತು. ಪಠ್ಯವನ್ನು ಪತ್ರಿಕೆ ಸರಿಯಾಗಿ ಪ್ರತಿನಿಧಿಸುತ್ತದೆಯೇ ಎಂಬುದಕ್ಕೆ ವಿಷಯ ತಜ್ಞರ ಅಭಿಪ್ರಾಯವನ್ನೂ ಲೆಕ್ಕಕ್ಕೆ ತರಬಹುದು. ಹತ್ತು ಶಿಕ್ಷಕರಲ್ಲಿ ಎಂಟು ಮಂದಿ ಒಂದು ಪ್ರಶ್ನೆ ಇರಲೇಬೇಕು ಎಂದರೆ ಲಾಷೆ 1975ರಲ್ಲಿ ಕೊಟ್ಟ ಸೂತ್ರದಂತೆ ಅದರ ವಿಷಯ ಸಿಂಧುತ್ವ 0.6. ಐದೇ ಮಂದಿ ಹಾಗೆಂದರೆ ಸೊನ್ನೆ.

ಮುಂದಿನದು ಪ್ರಶ್ನಾಂಶ ವಿಶ್ಲೇಷಣೆ. ಒಟ್ಟು ಅಂಕದಲ್ಲಿ ಮೇಲಿನ ಶೇ 27 ಮತ್ತು ಕೆಳಗಿನ ಶೇ 27 ಮಕ್ಕಳನ್ನು ತೆಗೆದುಕೊಂಡು, ಒಂದು ಪ್ರಶ್ನೆಗೆ ಎರಡು ಗುಂಪಿನಲ್ಲಿ ಸರಿ ಉತ್ತರ ಕೊಟ್ಟವರ ಪ್ರಮಾಣಗಳ ಅಂತರ ನೋಡುತ್ತಾರೆ. ಹುಷಾರಾದವರೇ ತಪ್ಪಿ, ಹಿಂದುಳಿದವರು ಸರಿ ಬರೆದಿದ್ದರೆ ಕೀ ಉತ್ತರವೇ ತಪ್ಪಿರಬಹುದು. ಆದರೆ ಗೊಲ್ಲರಹಟ್ಟಿಯ ಶಾಲೆಯೊಂದರ ತರಗತಿಯಲ್ಲಿ 22 ಮಕ್ಕಳಿದ್ದಾರೆ ಎಂದುಕೊಳ್ಳಿ. ಮೇಲೆ ಆರು, ಕೆಳಗೆ ಆರು. ಒಬ್ಬ ಹುಡುಗ ಗಮನ ತಪ್ಪಿ ಒಂದು ಉತ್ತರ ಕೆಡಿಸಿದರೂ ಸೂಚ್ಯಂಕ 0.17ರಷ್ಟು ಅಲುಗುತ್ತದೆ. ಚಿಕ್ಕ ಶಾಲೆಗಳಿರುವ ಕಡೆ ಈ ವಿಶ್ಲೇಷಣೆಯನ್ನು ಶಾಲೆಗೆ ಶಾಲೆಯಾಗಿ ಮಾಡಿ ಎಂದು ಸುತ್ತೋಲೆ ಕಳಿಸುವುದರಲ್ಲಿ ಅರ್ಥವಿಲ್ಲ. ಕ್ಲಸ್ಟರಿನ, ಸಾಧ್ಯವಾದರೆ ತಾಲ್ಲೂಕಿನ ಉತ್ತರಪತ್ರಿಕೆಗಳನ್ನು ಒಟ್ಟುಗೂಡಿಸಬೇಕು.

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಬಹಳ ಮುಖ್ಯವಾಗಬೇಕಾದದ್ದು ಪ್ರಶ್ನೆಗಳ ಪಕ್ಷಪಾತದ ಪರಿಶೀಲನೆ. ಎರಡೂ ಆಂಧ್ರದ ಗಡಿಗೆ ತಾಗಿಕೊಂಡಿವೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬ ಮಕ್ಕಳು ಇಲ್ಲಿ ಸಾಮಾನ್ಯ. ಲಂಬಾಣಿ, ಉರ್ದು ಮನೆಮಾತಿನವರೂ ಇದ್ದಾರೆ. ಮೊಳಕಾಲ್ಮೂರಿನ ರೇಷ್ಮೆ ಮಗ್ಗದ ಮನೆಯ ಮಗುವಿಗೆ ಹಾಸು–ಹೊಕ್ಕಿನ ಎಳೆ ಎಣಿಸುವ ಲೆಕ್ಕ ನೀರು ಕುಡಿದಷ್ಟು ಸುಲಭವಾದೀತು. ಚಳ್ಳಕೆರೆಯ ಶೇಂಗಾ ವ್ಯಾಪಾರದ ನಡುವೆ ಬೆಳೆದವರಿಗೆ ಚೀಲ, ಕ್ವಿಂಟಲ್, ಎಣ್ಣೆಯ ಇಳುವರಿಯ ಲೆಕ್ಕ ಬಾಯಿಗೆ ಬರುತ್ತದೆ. ಮೆಟ್ರೊ ರೈಲಿನ ಟೋಕನ್ ಮೇಲಿನ ಪ್ರಶ್ನೆ ಇಬ್ಬರಿಗೂ ದೂರ. ಗುಂಪಿನ ಸರಾಸರಿ ಕಡಿಮೆ ಬಂತು ಎಂದಷ್ಟಕ್ಕೇ ಪ್ರಶ್ನೆ ಪಕ್ಷಪಾತಿಯಾಗುವುದಿಲ್ಲ. ಒಟ್ಟು ಅಂಕ ಒಂದೇ ಇರುವ ಎರಡು ಗುಂಪಿನ ಮಕ್ಕಳನ್ನು ಜೋಡಿಸಿ, ಈ ಒಂದು ಪ್ರಶ್ನೆಯಲ್ಲಿ ಮಾತ್ರ ಒಂದು ಗುಂಪು ಏಕೆ ಹಿಂದೆ ಬಿತ್ತು ಎಂದು ಕೇಳಬೇಕು. ರೋಗಗಳ ಅಧ್ಯಯನಕ್ಕೆಂದು ಮ್ಯಾಂಟೆಲ್ ಮತ್ತು ಹೆನ್ಸೆಲ್ 1959ರಲ್ಲಿ ಕೊಟ್ಟ ಲೆಕ್ಕವನ್ನು ಹಾಲೆಂಡ್ ಮತ್ತು ಥೇಯರ್ 1988ರಲ್ಲಿ ಪರೀಕ್ಷೆಗಳಿಗೆ ತಂದದ್ದು ಇದಕ್ಕಾಗಿ. ಎಸ್ಸೆಸ್ಸೆಲ್ಸಿಯ ಉರ್ದು, ತೆಲುಗು, ಇಂಗ್ಲಿಷ್ ಮಾಧ್ಯಮದ ಪತ್ರಿಕೆಗಳು ಕನ್ನಡದ್ದಕ್ಕೆ ಸಮವೇ ಎಂಬುದನ್ನೂ ಇದೇ ದಾರಿಯಲ್ಲಿ ನೋಡಬಹುದು.

ಸಿಂಧುತ್ವ ಎನ್ನುವುದು ಪತ್ರಿಕೆಯ ಗುಣವಲ್ಲ, ಅಂಕವನ್ನು ನಾವು ಬಳಸುವ ರೀತಿಯ ಗುಣ ಎಂಬ ನಿಲುವು ಕ್ರೋನ್‌ಬಾಕ್ ಮತ್ತು ಮೀಲ್ 1955ರಲ್ಲಿ ಬರೆದ ಪ್ರಬಂಧದಿಂದ ಮೊಳೆತು, ಸ್ಯಾಮ್ಯುಯೆಲ್ ಮೆಸಿಕ್‌ನ 1989ರ ಬರಹದಲ್ಲಿ ಗಟ್ಟಿಯಾಯಿತು. ಎಸ್ಸೆಸ್ಸೆಲ್ಸಿ ಮಗುವಿಗೆ ಪ್ರಮಾಣಪತ್ರ ಕೊಡಲು ಮಾಡಿದ ಪರೀಕ್ಷೆ. ಅದೇ ಅಂಕದಿಂದ ಮುಖ್ಯೋಪಾಧ್ಯಾಯರಿಗೆ ನೋಟಿಸ್ ಕೊಡುವುದು, ತಾಲ್ಲೂಕುಗಳಿಗೆ ಶ್ರೇಯಾಂಕ ಹಚ್ಚುವುದು ಬೇರೆ ಬಳಕೆಗಳು. ಅವಕ್ಕೆ ಬೇರೆಯೇ ಪುರಾವೆ ಬೇಕು. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಜಾತ್ರೆ ಪರೀಕ್ಷಾ ಋತುವಿಗೇ ಬಂದು ಬೀಳುತ್ತದೆ ಎಂಬುದು ಸ್ಥಳೀಯರಿಗೆ ಗೊತ್ತು. ಬೆಂಗಳೂರಿನಲ್ಲಿ ಕೂತು ಪಟ್ಟಿ ನೋಡುವವರಿಗೆ ಅಂಥ ಕಾರಣಗಳು ಕಾಣುವುದಿಲ್ಲ.

ಸಮೀಕರಣದ ವಿಧಾನಗಳು

ಎರಡು ಪತ್ರಿಕೆಗಳ ಅಂಕಗಳನ್ನು ಜೋಡಿಸಬೇಕಾದರೆ ನಡುವೆ ಏನಾದರೂ ಒಂದು ಸಾಮಾನ್ಯವಾಗಿರಲೇಬೇಕು. ಎರಡನ್ನೂ ಅದೇ ಮಕ್ಕಳು ಬರೆಯಬೇಕು, ಇಲ್ಲವೇ ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಸಮಾನ ಗುಂಪು ಮಾಡಬೇಕು, ಅದೂ ಆಗದಿದ್ದರೆ ಎರಡೂ ಪತ್ರಿಕೆಗಳಲ್ಲಿ ಕೆಲವು ಪ್ರಶ್ನೆಗಳು ಅವೇ ಆಗಿರಬೇಕು. ಮೂರನೆಯದಕ್ಕೆ ಆಧಾರ ಪ್ರಶ್ನೆಗಳು ಎಂದು ಹೆಸರು. ಅವು ಪತ್ರಿಕೆಯ ಶೇ 20ಕ್ಕೆ ಕಡಿಮೆಯಿರದೆ, ಇಡೀ ಪತ್ರಿಕೆಯ ಸಣ್ಣ ಪಡಿಯಚ್ಚಿನಂತಿರಬೇಕು ಎನ್ನುತ್ತದೆ ರೂಢಿ.

ಆಧಾರ ಪ್ರಶ್ನೆಗಳು ಏನು ಮಾಡುತ್ತವೆ ಎಂಬುದಕ್ಕೆ ಒಂದು ಕಲ್ಪಿತ ಲೆಕ್ಕ. ಒಂದು ತಾಲ್ಲೂಕಿನ ಏಳನೇ ತರಗತಿಯಲ್ಲಿ ಹೋದ ವರ್ಷವೂ ಈ ವರ್ಷವೂ ಸರಾಸರಿ 24 ಬಂದಿದೆ. ಏನೂ ಬದಲಾಗಿಲ್ಲ ಎಂದು ವರದಿ ಹೋಗುತ್ತದೆ. ಎರಡೂ ಪತ್ರಿಕೆಗಳಲ್ಲಿದ್ದ ಹತ್ತು ಸಾಮಾನ್ಯ ಪ್ರಶ್ನೆಗಳನ್ನಷ್ಟೇ ಬೇರ್ಪಡಿಸಿ ನೋಡಿದರೆ ಹೋದ ವರ್ಷದವರು ಸರಾಸರಿ 6 ಸರಿ ಮಾಡಿದ್ದರು, ಈ ವರ್ಷದವರು 5. ಮಕ್ಕಳು ಹಿಂದೆ ಬಿದ್ದಿದ್ದಾರೆ, ಪತ್ರಿಕೆ ಸುಲಭವಾಗಿ ಅದನ್ನು ಮರೆಸಿದೆ.

ಲೆಕ್ಕ ಹಾಕುವ ಕ್ರಮಗಳಲ್ಲಿ ಎಲ್ಲಕ್ಕಿಂತ ಸರಳವಾದದ್ದು ಸರಾಸರಿ ಸಮೀಕರಣ: ಎರಡು ಸರಾಸರಿಗಳ ವ್ಯತ್ಯಾಸವನ್ನು ಎಲ್ಲರಿಗೂ ಕೂಡಿಸುವುದು ಅಥವಾ ಕಳೆಯುವುದು. ರೇಖೀಯ ಸಮೀಕರಣ ಹರಡಿಕೆಯನ್ನೂ ಗಣಿಸುತ್ತದೆ. ಮೊದಲ ಪತ್ರಿಕೆಯ ಸರಾಸರಿ 12, ಮಾನಕ ವಿಚಲನೆ 4; ಎರಡನೆಯದರ ಸರಾಸರಿ 10, ವಿಚಲನೆ 5 ಆಗಿದ್ದರೆ, ಮೊದಲನೆಯದರ 16 ಅಂಕ ಎರಡನೆಯದರಲ್ಲಿ 15ಕ್ಕೆ ಸಮ, 8 ಅಂಕ 5ಕ್ಕೆ ಸಮ. ಸರಾಸರಿ ವಿಧಾನದಲ್ಲಿ ಇವೇ 14 ಮತ್ತು 6 ಆಗುತ್ತಿದ್ದವು. ತುದಿಗಳಲ್ಲಿರುವ ಮಕ್ಕಳಿಗೆ ಯಾವ ವಿಧಾನ ಆರಿಸಿದರು ಎಂಬುದೇ ಹಣೆಬರಹ. ಮೂರನೆಯದು ಸಮ ಪರ್ಸೆಂಟೈಲ್ ವಿಧಾನ: ಎರಡೂ ಕಡೆ ತನಗಿಂತ ಕೆಳಗೆ ಅಷ್ಟೇ ಪ್ರಮಾಣದ ಅಭ್ಯರ್ಥಿಗಳನ್ನು ಬಿಟ್ಟಿರುವ ಅಂಕಗಳು ಸಮ. ಇದಕ್ಕೆ ಸಾವಿರಾರು ಅಭ್ಯರ್ಥಿಗಳು ಬೇಕು. 2019ರಿಂದ ಜೆಇಇ ಮೇನ್ ಪರೀಕ್ಷೆಯ ಹಲವು ಪಾಳಿಗಳನ್ನು ಪರ್ಸೆಂಟೈಲ್ ಮೂಲಕ ಜೋಡಿಸುತ್ತಿರುವುದೂ ಇದರ ಸೋದರ ಕ್ರಮವೇ. ಪಾಳಿಗಳಿಗೆ ಅಭ್ಯರ್ಥಿಗಳ ಹಂಚಿಕೆ ಯಾವ ಒಲವೂ ಇಲ್ಲದೆ ನಡೆದಿರಬೇಕು ಎಂಬುದು ಅದರ ಬೆನ್ನೆಲುಬು.

ಡೆನ್ಮಾರ್ಕಿನ ಜಾರ್ಜ್ ರಾಶ್ 1960ರಲ್ಲಿ ಬೇರೊಂದು ದಾರಿ ತೆರೆದ. ಮಗುವಿನ ಸಾಮರ್ಥ್ಯ, ಪ್ರಶ್ನೆಯ ಕಠಿಣತೆ ಎರಡನ್ನೂ ಒಂದೇ ಅಳತೆಗೋಲಿನ ಮೇಲೆ ಇಟ್ಟು, ಅವುಗಳ ಅಂತರದಿಂದ ಸರಿ ಉತ್ತರದ ಸಂಭವ ಹೇಳುವುದು. ಎರಡೂ ಸಮವಾದರೆ ಸಂಭವ ಅರ್ಧ. ಮಗು ಒಂದು ಮಾನ ಮೇಲಿದ್ದರೆ ಶೇ 73. ಪ್ರಶ್ನೆಗಳ ಕಠಿಣತೆ ಮೊದಲೇ ತಿಳಿದಿದ್ದರೆ ಯಾವ ಮಗು ಯಾವ ಪತ್ರಿಕೆ ಬರೆದರೂ ಒಂದೇ ಅಳತೆಗೆ ತರಬಹುದು. ಎನ್‌ಸಿಇಆರ್‌ಟಿಯ ರಾಷ್ಟ್ರೀಯ ಸಾಧನಾ ಸಮೀಕ್ಷೆ 2010ರ ಸುತ್ತಿನಿಂದ ಈ ಬಗೆಯ ಪ್ರಶ್ನಾಂಶ ಪ್ರತಿಕ್ರಿಯಾ ಸಿದ್ಧಾಂತಕ್ಕೆ ಹೊರಳಿ, ಸರಾಸರಿ 250, ವಿಚಲನೆ 50 ಇರುವ ಅಳತೆಗೋಲನ್ನು ಬಳಸಿತು. 2017 ಮತ್ತು 2021ರ ಸುತ್ತುಗಳು ಜಿಲ್ಲಾವಾರು ಫಲಿತಾಂಶ ಕೊಟ್ಟವು. 2024ರ ಡಿಸೆಂಬರಿನಲ್ಲಿ ಅದೇ ಜಾಗಕ್ಕೆ ಪರಖ್ ಸಮೀಕ್ಷೆ ಬಂತು. ಇವೆಲ್ಲ ಮಾದರಿ ಸಮೀಕ್ಷೆಗಳು. ಅವುಗಳಲ್ಲಿ ಚಿತ್ರದುರ್ಗ ಸಿಗುತ್ತದೆ, ಮೊಳಕಾಲ್ಮೂರನ್ನು ಹುಡುಕಬಾರದು.

2022ರ ಸಿಇಟಿ ಪ್ರಕರಣ

ಸಮೀಕರಣ ಕರ್ನಾಟಕದಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ್ದು 2022ರಲ್ಲಿ. ಹಿಂದಿನ ವರ್ಷ ಕೋವಿಡ್‌ನಿಂದಾಗಿ ದ್ವಿತೀಯ ಪಿಯು ಪರೀಕ್ಷೆ ನಡೆದಿರಲಿಲ್ಲ. ಎಸ್ಸೆಸ್ಸೆಲ್ಸಿಗೆ ಶೇ 45, ಪ್ರಥಮ ಪಿಯುಗೆ ಶೇ 45, ಆಂತರಿಕ ಅಂಕಕ್ಕೆ ಶೇ 10 ಎಂದು ಲೆಕ್ಕಹಾಕಿ ಫಲಿತಾಂಶ ಕೊಟ್ಟಿದ್ದರು. ಆ ತಂಡದ ಪುನರಾವರ್ತಿತ ಅಭ್ಯರ್ಥಿಗಳು 2022ರಲ್ಲಿ ಸಿಇಟಿ ಬರೆದಾಗ ಪರೀಕ್ಷಾ ಪ್ರಾಧಿಕಾರ ಅವರ ಪಿಯು ಅಂಕ ಪರಿಗಣಿಸಲಿಲ್ಲ. ಹೊಸಬರಿಗೆ ಮಾತ್ರ ಪಿಯು–ಸಿಇಟಿ ಅರ್ಧರ್ಧ. ಹಳಬರ ರ‍್ಯಾಂಕುಗಳು ಪಾತಾಳಕ್ಕಿಳಿದವು. ಸೆಪ್ಟೆಂಬರ್ ಆರಂಭದಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಅಭ್ಯರ್ಥಿಗಳ ಪರ ತೀರ್ಪಿತ್ತಿತು. ಸರ್ಕಾರ ಮೇಲ್ಮನವಿ ಹೋಗಿ, ಉನ್ನತ ಶಿಕ್ಷಣ ಪರಿಷತ್ತಿನ ಉಪಾಧ್ಯಕ್ಷ ಬಿ. ತಿಮ್ಮೇಗೌಡರ ಸಮಿತಿ ಸೂಚಿಸಿದ ಸೂತ್ರವನ್ನು ವಿಭಾಗೀಯ ಪೀಠದ ಮುಂದಿಟ್ಟಿತು. 2021ರ ತಂಡದ ಪಿಯು ಅಂಕಗಳಲ್ಲಿ ಸರಾಸರಿ ಲೆಕ್ಕದಂತೆ ಭೌತಶಾಸ್ತ್ರಕ್ಕೆ 6, ರಸಾಯನಶಾಸ್ತ್ರಕ್ಕೆ 5, ಗಣಿತಕ್ಕೆ 7 ಅಂಕ ಕಳೆಯುವುದು. ಪೀಠ ಅದನ್ನು ಒಪ್ಪಿತು.

ಇದು ಅಪ್ಪಟ ಸರಾಸರಿ ಸಮೀಕರಣ. ತುರ್ತಿನಲ್ಲಿ, ಕೌನ್ಸೆಲಿಂಗ್ ತಲೆಯ ಮೇಲಿದ್ದಾಗ, ಇದಕ್ಕಿಂತ ಉತ್ತಮವಾದುದನ್ನು ನ್ಯಾಯಾಲಯ ಕೊಡುವುದು ಕಷ್ಟವಿತ್ತು. ಆದರೂ ಸೂತ್ರದೊಳಗೆ ಮೂರು ಊಹೆಗಳು ಕೂತಿವೆ. ಎರಡು ವರ್ಷದ ಮಕ್ಕಳು ಸರಾಸರಿಯಲ್ಲಿ ಸಮಾನರು. ಮತ್ತೆ ಬರೆಯಲು ಬಂದವರು ತಮ್ಮ ಇಡೀ ತಂಡದ ಪ್ರತಿನಿಧಿಗಳು. 2021ರ ಅಂಕಗಳ ಉಬ್ಬರ ಎಲ್ಲ ಹಂತಗಳಲ್ಲೂ ಒಂದೇ. ಮೂರನೆಯದು ಎಲ್ಲಕ್ಕಿಂತ ದುರ್ಬಲ: 98 ಇದ್ದವನಿಗೆ ಮೇಲೆ ಉಬ್ಬಲು ಜಾಗವೇ ಇರಲಿಲ್ಲ. ಸಿಇಟಿಯನ್ನೇ ಎರಡೂ ವರ್ಷಗಳ ಆಧಾರ ಪರೀಕ್ಷೆಯಾಗಿಟ್ಟು ಲೆಕ್ಕ ಹಾಕಬಹುದಿತ್ತು.

ಆಂತರಿಕ ಅಂಕ ಮತ್ತು ಮೂರು ಪರೀಕ್ಷೆಗಳು

ಎಸ್ಸೆಸ್ಸೆಲ್ಸಿಯ 625ರಲ್ಲಿ 125 ಅಂಕ ಶಾಲೆಯ ಕೈಯಲ್ಲೇ ಇದೆ. ಆಂತರಿಕ ಅಂಕ ಕೊಡುವ ಕೈ ಶಾಲೆಯಿಂದ ಶಾಲೆಗೆ ಧಾರಾಳವಾಗುತ್ತದೆ, ಬಿಗಿಯಾಗುತ್ತದೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನಲ್ಲಿ ಶಾಲೆ ಕೊಟ್ಟ ಕ್ರಮಾಂಕವನ್ನು ಉಳಿಸಿಕೊಂಡು, ಅಂಕಗಳನ್ನು ಮಾತ್ರ ಆ ಶಾಲೆಯದೇ ಮಕ್ಕಳು ಬಾಹ್ಯ ಪರೀಕ್ಷೆಯಲ್ಲಿ ಪಡೆದ ಅಂಕಗಳ ಹಂಚಿಕೆಗೆ ಹೊಂದಿಸುತ್ತಾರೆ.

2024ರಲ್ಲಿ ಪೂರಕ ಪರೀಕ್ಷೆಯ ಬದಲು ಪರೀಕ್ಷೆ–1, 2, 3 ಬಂದು, ಅತ್ಯುತ್ತಮ ಅಂಕ ಉಳಿಸಿಕೊಳ್ಳುವ ಅವಕಾಶ ಸಿಕ್ಕಿತು. ಮಕ್ಕಳ ಮೇಲಿನ ಒತ್ತಡ ತಗ್ಗಿಸುವ ಒಳ್ಳೆಯ ಕ್ರಮ. ಅಳತೆಯ ದೃಷ್ಟಿಯಿಂದ ಮಾತ್ರ ತೊಡಕಿನದು: ಮೂರು ಪತ್ರಿಕೆಗಳಲ್ಲಿ ಯಾವುದು ಸುಲಭವೋ ಅದನ್ನು ಬರೆದವರಿಗೆ ಲಾಭ. ಎರಡನೆಯ ಸಲ ಬರೆಯುವವರು ತಾವಾಗಿ ಬಂದವರಾದ್ದರಿಂದ ಅವರ ಎರಡು ಅಂಕಗಳನ್ನು ಹೋಲಿಸಿ ಪತ್ರಿಕೆಗಳನ್ನು ತೂಗಲೂ ಬಾರದು. ಅಂಕ ಏರಿದ್ದು ಪತ್ರಿಕೆಯಿಂದಲೋ, ನಡುವಿನ ಓದಿನಿಂದಲೋ?

ಹಾಗಿದ್ದರೆ ಪತ್ರಿಕೆಗಳಲ್ಲೇ ಆಧಾರ ಪ್ರಶ್ನೆಗಳನ್ನು ಏಕೆ ಹಾಕಬಾರದು ಎಂದು ಕೇಳಬಹುದು. ನಮ್ಮಲ್ಲಿ ಪ್ರಶ್ನೆಪತ್ರಿಕೆ ಮಗುವಿನ ಜೊತೆ ಮನೆಗೆ ಹೋಗುತ್ತದೆ, ಕೀ ಉತ್ತರ ಮಂಡಲಿಯಿಂದಲೇ ಪ್ರಕಟವಾಗುತ್ತದೆ, ಮರುದಿನ ಗೈಡುಗಳಿಗೆ ಸೇರುತ್ತದೆ. ಮರು ಎಣಿಕೆ, ಮರು ಮೌಲ್ಯಮಾಪನದ ಹಕ್ಕು ಉಳಿಯಬೇಕಾದರೆ ಈ ಬಯಲುತನ ಬೇಕು. ಬಯಲಾದ ಪ್ರಶ್ನೆ ಆಧಾರವಾಗಿ ಉಳಿಯುವುದಿಲ್ಲ. ಉಳಿದ ದಾರಿಯೆಂದರೆ ಆಧಾರವನ್ನು ಮುಖ್ಯ ಪರೀಕ್ಷೆಯ ಹೊರಗಿಡುವುದು. ಶಾಲೆಗಳು ಜೂನ್ ತಿಂಗಳಲ್ಲಿ ನಡೆಸುವ ಸೇತುಬಂಧ ಬೋಧನೆಯಲ್ಲಿ ಈಗಾಗಲೇ ಪೂರ್ವ ಪರೀಕ್ಷೆ, ಸಾಫಲ್ಯ ಪರೀಕ್ಷೆ ಎಂಬ ಜೋಡಿ ಇದೆ; ಆದರೆ ಸಾಫಲ್ಯದ ಪತ್ರಿಕೆ ಪೂರ್ವದ್ದಕ್ಕಿಂತ ಸುಲಭವಾದರೆ ಕಾಣುವ ಪ್ರಗತಿ ಪತ್ರಿಕೆಯದೇ. ಎರಡರ ನಡುವೆ ಒಂದಷ್ಟು ಸಾಮಾನ್ಯ ಪ್ರಶ್ನೆಗಳನ್ನಿಟ್ಟು, ಚಳ್ಳಕೆರೆ–ಮೊಳಕಾಲ್ಮೂರಿನ ಆಯ್ದ ಶಾಲೆಗಳ ಕೆಲವು ನೂರು ಮಕ್ಕಳಿಂದ ಬರೆಸಿದರೆ ಸಾಕು. ಚಿತ್ರದುರ್ಗದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ (ಡಯಟ್) ಮೀರಿದ ಕೆಲಸವೇನಲ್ಲ. ಕುದಾಪುರದಲ್ಲಿ ವಿಜ್ಞಾನ, ಗಣಿತ ಶಿಕ್ಷಕರಿಗೆ ತರಬೇತಿ ಕೊಡುವ ಭಾರತೀಯ ವಿಜ್ಞಾನ ಸಂಸ್ಥೆಯ ಕೇಂದ್ರವೂ ಹತ್ತಿರದಲ್ಲೇ ಇದೆ. ಕೊಠಡಿಯಲ್ಲೇ ಪತ್ರಿಕೆ ವಾಪಸು ಪಡೆಯಬೇಕು, ಮಗುವಿನ ಹೆಸರಿಗೆ ಅಂಕ ದಾಖಲಾಗಬಾರದು, ಶಾಲಾವಾರು ಪಟ್ಟಿ ಬಿಇಒ ಕಚೇರಿಗೆ ಹೋಗಬಾರದು. ಹೋದರೆ ಆ ವರ್ಷದಿಂದಲೇ ಆ ಪ್ರಶ್ನೆಗಳಿಗೆ ಪಾಠ ಶುರುವಾಗಿ, ಆಧಾರ ಕುಸಿಯುತ್ತದೆ.